ಪಟಾಕಿ ಸದ್ದಿಗೆ ಬೇಟೆ ನಾಯಿ ಬೆಚ್ಚಿದಾಗ

ಬನಹಟ್ಟಿಯ ನೇಕಾರರ ಓಣಿಗಳಲ್ಲಿ ನಾಯಿಗಳು ಮಗ್ಗದ ಮನೆಯ ಬಾಗಿಲಲ್ಲೇ ಮಲಗುತ್ತವೆ. ಒಳಗೆ ನಾಲ್ಕಾರು ಪಾವರ್‌ಲೂಮ್ ಒಟ್ಟಿಗೆ ಓಡುತ್ತಿರುತ್ತವೆ. ಪಕ್ಕದಲ್ಲಿ ನಿಂತವರಿಗೆ ಒಂದು ಮಾತು ಹೇಳಬೇಕೆಂದರೆ ಕಿವಿಯ ಹತ್ತಿರ ಬಾಯಿ ಒಯ್ಯಬೇಕು. ಮಗ್ಗದ ಶೆಡ್ಡುಗಳಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ಆ ಸದ್ದಿನ ನಡುವೆಯೇ ನಾಯಿ ನಾಲ್ಕೂ ಕಾಲು ಚೆಲ್ಲಿ ನಿದ್ದೆ ಹೋಗುತ್ತದೆ. ಅದೇ ನಾಯಿ ದೀಪಾವಳಿ ಅಮಾವಾಸ್ಯೆಯ ಸಂಜೆ, ಎರಡು ಓಣಿ ಆಚೆ ಯಾರೋ ಹಚ್ಚಿದ ಒಂದೇ ಒಂದು ಲಕ್ಷ್ಮಿ ಬಾಂಬಿಗೆ ಮಂಚದಡಿ ಸೇರಿಕೊಂಡು, ಮರುದಿನ ಮಧ್ಯಾಹ್ನದವರೆಗೂ ಹೊರಗೆ ಬರುವುದಿಲ್ಲ. ತಾಟಿನಲ್ಲಿ ಹಾಕಿಟ್ಟ ರೊಟ್ಟಿ, ಹಾಲು ಹಾಗೇ ಉಳಿಯುತ್ತದೆ.

ಸದ್ದು ಜೋರಾಗಿದೆ ಎಂಬುದಷ್ಟೇ ಭಯಕ್ಕೆ ಕಾರಣವಾಗಿದ್ದರೆ ಆ ನಾಯಿ ಮಗ್ಗದ ಬಾಗಿಲಿಗೆ ಸುಳಿಯಬಾರದಿತ್ತು. ಆದರೆ ಮಗ್ಗದ ಸದ್ದಿಗೆ ಲಯವಿದೆ. ಒಂದು ಬಡಿತದ ಹಿಂದೆ ಇನ್ನೊಂದು ಯಾವಾಗ ಬರುತ್ತದೆ, ಎಲ್ಲಿಂದ ಬರುತ್ತದೆ ಎಂಬುದು ನಾಯಿಗೆ ಗೊತ್ತು. ಕಣ್ಣು ಬಿಟ್ಟಾಗಿನಿಂದ ಆ ಸದ್ದಿನಿಂದ ಅದಕ್ಕೆ ಕೇಡಾಗಿಲ್ಲ. ಪಟಾಕಿಗೆ ಇದು ಯಾವುದೂ ಇಲ್ಲ. ಯಾವ ದಿಕ್ಕಿನಿಂದ, ಯಾವ ಕ್ಷಣಕ್ಕೆ ಎಂಬ ಸುಳಿವೇ ಇರುವುದಿಲ್ಲ. ಜೊತೆಗೆ ಕಣ್ಣು ಕುಕ್ಕುವ ಬೆಳಕು, ಮೂಗಿಗೆ ಅಡರುವ ಮದ್ದಿನ ಹೊಗೆ. ಇನ್ನೂ ಒಂದು ಸಂಗತಿ ಈ ನೇಕಾರರ ಊರುಗಳಿಗೆ ವಿಶೇಷವಾದದ್ದು: ಹಬ್ಬದ ದಿನ ಮಗ್ಗಗಳು ಪೂಜೆ ಮಾಡಿಸಿಕೊಂಡು ಸುಮ್ಮನಿರುತ್ತವೆ. ವರ್ಷವಿಡೀ ಓಣಿಯನ್ನು ತುಂಬಿಕೊಂಡಿರುವ ಸದ್ದು ಅಂದು ಇರುವುದಿಲ್ಲ. ಬರಿದಾದ ಆ ಗಾಳಿಯಲ್ಲಿ ಸಿಡಿದ ಪಟಾಕಿ ನಾಯಿಯ ಕಿವಿಗೆ ಇನ್ನೂ ಹತ್ತಿರ ಬಂದು ಬಡಿಯುತ್ತದೆ.

ಮನುಷ್ಯನ ಕಿವಿಗೆ ಹೆಚ್ಚೆಂದರೆ 20 ಸಾವಿರ ಹರ್ಟ್ಸ್ ತನಕದ ದನಿ ಕೇಳುತ್ತದೆ. ನಾಯಿಗೆ ಸುಮಾರು 45 ಸಾವಿರದ ತನಕ. ರಾಕೆಟ್ ಮೇಲೇರುವಾಗಿನ ಸಿಳ್ಳಿನಲ್ಲಿ ನಮಗೆ ಕೇಳಿಸದ ಪದರಗಳೂ ಅದಕ್ಕೆ ಕೇಳಿಸುತ್ತವೆ. ನಮ್ಮ ಕಾನೂನಿನ ಪ್ರಕಾರ, ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್‌ಗಿಂತ ಹೆಚ್ಚು ಸದ್ದು ಮಾಡುವ ಪಟಾಕಿ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದಾಗೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಂದರೆ ಕಾನೂನಿನ ಮಿತಿಯೊಳಗಿನ ಪಟಾಕಿಯೂ 16 ಮೀಟರ್ ಆಚೆಗೆ 113 ಡೆಸಿಬೆಲ್ ಉಳಿಸಿಕೊಂಡಿರಬಹುದು. ಇದು ಬಯಲಿನ ಲೆಕ್ಕ. ಎದುರುಬದುರು ಗೋಡೆಗಳಿರುವ ರಬಕವಿಯ ಓಣಿಯಲ್ಲಿ, ಲಕ್ಷ್ಮೀಪೂಜೆಯ ರಾತ್ರಿ ಅಂಗಡಿಗಳ ಮುಂದೆ ಸರ ಪಟಾಕಿ ಹಚ್ಚುವ ಜಮಖಂಡಿಯ ಬಜಾರದಲ್ಲಿ ಸದ್ದು ಅಷ್ಟು ಸಲೀಸಾಗಿ ಇಳಿಯುವುದಿಲ್ಲ. ಗೋಡೆಯಿಂದ ಗೋಡೆಗೆ ಬಡಿದು ಮರಳಿ ಬರುತ್ತದೆ.

ಬೇಟೆ ನಾಯಿ ಅಂಜಬಹುದೇ?

ಈ ಸೀಮೆಯಲ್ಲಿ ನಾಯಿ ಎಂದರೆ ಮೊದಲು ಮುಧೋಳದ ನಾಯಿ. ಉದ್ದ ಕಾಲು, ಒಳಸರಿದ ಹೊಟ್ಟೆ, ಸಪೂರ ತಲೆ, ದೂರದ ಅಲುಗಾಟವನ್ನೂ ಬಿಡದ ಕಣ್ಣು. ಅಳಿಯುತ್ತಿದ್ದ ಈ ತಳಿಯನ್ನು ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆ ಉಳಿಸಿ ಬೆಳೆಸಿದರು, ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಜೋಡಿ ನಾಯಿಗಳನ್ನು ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಚೀಟಿ ಹೊರತಂದಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ನಡೆಯುತ್ತಿದೆ. 2016ರಲ್ಲಿ ಇಲ್ಲಿನ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು, 2021ರಲ್ಲಿ ವಾಯುಪಡೆಗೂ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು 'ಮನ್ ಕೀ ಬಾತ್'ನಲ್ಲಿ ಹೆಸರು ಹೇಳಿದ ಮೇಲಂತೂ ಮರಿಗಳಿಗೆ ದೇಶದೆಲ್ಲೆಡೆಯಿಂದ ಬೇಡಿಕೆ ಬಂತು.

ಈ ಕೀರ್ತಿಯೇ ದೀಪಾವಳಿಯ ರಾತ್ರಿ ನಾಯಿಗೆ ಮುಳುವಾಗುತ್ತದೆ. "ಹಂದಿ ಮ್ಯಾಲೆ ಬೀಳೋ ನಾಯಿ, ಪಟಾಕಿಗೆ ಅಂಜತೈತೇನ್ರೀ? ಅಂಜಿದ್ರ ಅದು ಅಸಲ್ ಅಲ್ಲ ಬಿಡ್ರಿ" ಎನ್ನುವ ಮಾತನ್ನು ಮುಧೋಳದ ಚಹಾದಂಗಡಿಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಈ ಮಾತು ತಪ್ಪು, ಮತ್ತು ಇದರಿಂದ ನಾಯಿಗಳಿಗೆ ಹಾನಿಯಾಗುತ್ತಿದೆ. ಅಂಜಿಕೆ ಬಿಡಿಸಬೇಕೆಂದು ನಾಯಿಯನ್ನು ಎಳೆದು ತಂದು ಪಟಾಕಿಯ ಹತ್ತಿರ ನಿಲ್ಲಿಸುವವರಿದ್ದಾರೆ. ನಡುಗಿದರೆ ಗದರುತ್ತಾರೆ, ಹೊಡೆಯುತ್ತಾರೆ. ಅಂಥ ನಾಯಿ ಮುಂದಿನ ವರ್ಷ ಪಟಾಕಿಗಷ್ಟೇ ಅಂಜುವುದಿಲ್ಲ. ಗುಡುಗಿಗೆ, ಟ್ರ್ಯಾಕ್ಟರಿನ ಸೈಲೆನ್ಸರಿಗೆ, ಕೊನೆಗೆ ಬೆಂಕಿಪೆಟ್ಟಿಗೆ ಗೀರಿದ ಸದ್ದಿಗೂ ಅಂಜುತ್ತದೆ.

ಕಣ್ಣಿನಿಂದ ಬೇಟೆಯಾಡುವ ತಳಿಗಳ ಸ್ವಭಾವವೇ ಬೇರೆ. ಇವು ಸೂಕ್ಷ್ಮ ಪ್ರಾಣಿಗಳು. ಅಪರಿಚಿತರು ಮೈ ಮುಟ್ಟಿದರೆ ಹಿಂದೆ ಸರಿಯುತ್ತವೆ, ಗದರಿಕೆಯನ್ನು ಬಹಳ ದಿನ ನೆನಪಿಟ್ಟುಕೊಳ್ಳುತ್ತವೆ. ಕಂಡ ಚಲನೆಗೆ ಕ್ಷಣಾರ್ಧದಲ್ಲಿ ಓಟ ಕೀಳುವಂತೆ ಇವುಗಳ ಮೈ, ಮನಸ್ಸು ಎರಡನ್ನೂ ತಲೆತಲಾಂತರದಿಂದ ಆರಿಸಿ ಬೆಳೆಸಲಾಗಿದೆ. ಮೊಲದ ಹಿಂದೆ ಓಡಿಸುವ ಆ ಚುರುಕೇ ಸಿಡಿತದ ಸದ್ದಿಗೆ ಎದುರು ದಿಕ್ಕಿನಲ್ಲಿ ಓಡಿಸುತ್ತದೆ. ಸೇನೆಯ ನಾಯಿಗಳೂ ಗುಂಡಿನ ಸದ್ದಿಗೆ ಹುಟ್ಟಿನಿಂದಲೇ ಒಗ್ಗಿದವಲ್ಲ. ತಿಂಗಳುಗಟ್ಟಲೆ ದೂರದಿಂದ ಹತ್ತಿರಕ್ಕೆ, ಸಣ್ಣದರಿಂದ ದೊಡ್ಡದಕ್ಕೆ ಒಗ್ಗಿಸಿದ ಮೇಲೆ ಅವು ಅಲ್ಲಿ ನಿಲ್ಲುತ್ತವೆ.

ಅಂಜಿಕೆ ನಮ್ಮ ಕಣ್ಣಿಗೆ ಬೀಳದಿರುವುದೂ ಉಂಟು. 2013ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ನಮ್ಮ ನಾಯಿ ಸದ್ದಿಗೆ ಹೆದರುತ್ತದೆ ಎಂದು ತಾವಾಗಿ ಹೇಳಿದ ಮಾಲೀಕರು ಸುಮಾರು ಕಾಲು ಭಾಗ ಮಾತ್ರ. ನಡುಗುತ್ತದೆಯೇ, ಅಡಗುತ್ತದೆಯೇ, ನಿಮ್ಮನ್ನು ಬಿಟ್ಟಿರುವುದಿಲ್ಲವೇ ಎಂದು ಒಂದೊಂದಾಗಿ ಕೇಳಿದಾಗ ಹೆದರಿಕೆಯ ಒಂದಾದರೂ ಲಕ್ಷಣ ಹೆಚ್ಚುಕಡಿಮೆ ಅರ್ಧದಷ್ಟು ನಾಯಿಗಳಲ್ಲಿ ಕಂಡುಬಂತು. ನಿದ್ದೆ ಬಾರದಿದ್ದರೂ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಕಿವಿ ಹಿಂದಕ್ಕೆ ಅಂಟಿಸಿಕೊಳ್ಳುವುದು, ಸೆಕೆ ಇಲ್ಲದಿದ್ದರೂ ತೇಕುವುದು, ಕಾಲ್ನಡುವೆ ಬಾಲ, ಇಷ್ಟದ ತಿನಿಸನ್ನೂ ಮೂಸಿ ಬಿಡುವುದು ಇವೆಲ್ಲ ಅದರ ಮಾತು. ಮುಧೋಳದ ನಾಯಿ ಬೊಗಳಿ ರಂಪ ಮಾಡುವುದು ಕಡಿಮೆ. ಮೂಲೆಯಲ್ಲಿ ಕಲ್ಲಿನಂತೆ ನಿಂತುಬಿಟ್ಟ ನಾಯಿಯನ್ನು ನೋಡಿ, ನಮ್ಮದು ಶಾಂತ ಇದೆ ಎಂದು ಮನೆಯವರು ನಂಬಿಬಿಡುತ್ತಾರೆ.

ಓಡಿದರೆ ಎಲ್ಲಿಗೆ?

ಈ ತಳಿ ಓಡಿತೆಂದರೆ ಗಂಟೆಗೆ 50 ಕಿಲೋಮೀಟರಿನ ಆಸುಪಾಸಿನ ವೇಗ. ನೀವು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಅದು ಊರ ಹೊರಗಿರುತ್ತದೆ. ದೀಪಾವಳಿ ಹೊತ್ತಿಗೆ ಕೃಷ್ಣಾ, ಘಟಪ್ರಭಾ ದಂಡೆಯ ಹೊಲಗಳಲ್ಲಿ ಕಬ್ಬು ಆಳೆತ್ತರ ದಾಟಿರುತ್ತದೆ. ಒಳಹೊಕ್ಕ ನಾಯಿ ಹತ್ತು ಹೆಜ್ಜೆ ಆಚೆ ಇದ್ದರೂ ಕಾಣಿಸುವುದಿಲ್ಲ. ಕಟ್ಟೆಯಿಲ್ಲದ ಹೊಲದ ಬಾವಿಗಳು ಕತ್ತಲಲ್ಲಿ ಬಾಯ್ದೆರೆದುಕೊಂಡಿರುತ್ತವೆ. ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡುವ ಕಾಲವೂ ಇದೇ. ಎರಡೆರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರಿನ ಮುಂದೆ ದಿಕ್ಕೆಟ್ಟ ನಾಯಿ ಅಡ್ಡ ಬಂದರೆ ಚಾಲಕನಿಂದಲೂ ಏನೂ ಮಾಡಲಾಗದು.

ಬೀಳಗಿ, ಮುಧೋಳ ತಾಲ್ಲೂಕುಗಳಿಗೆ ಇನ್ನೊಂದು ಕಾಳಜಿ ಇದೆ. ಯಡಹಳ್ಳಿಯ ಗುಡ್ಡಗಳಲ್ಲಿ ಚಿಂಕಾರ ಎಂಬ ಹುಲ್ಲೆಯ ವನ್ಯಜೀವಿಧಾಮವಿದೆ. ಚಿಂಕಾರಕ್ಕೆಂದೇ ರಾಜ್ಯದಲ್ಲಿ ಮೊದಲು ಘೋಷಣೆಯಾದ ಧಾಮ ಅದು. ಪಟಾಕಿಗೆ ಬೆದರಿ ಹಗ್ಗ ಹರಿದುಕೊಂಡ ಬೇಟೆ ನಾಯಿ ಬೆಳಗಿನ ಹೊತ್ತಿಗೆ ಹಸಿದು ಆ ಗುಡ್ಡದ ಅಂಚಿನಲ್ಲಿದ್ದರೆ, ರಾತ್ರಿಯ ಭಯ ಕಳೆದು ಹಳೆಯ ಸ್ವಭಾವ ತಲೆಯೆತ್ತುತ್ತದೆ. ಚಿಂಕಾರದ ಹಿಂದೆ ಬಿದ್ದ ಅದನ್ನು ಹಿಡಿದು ನಿಲ್ಲಿಸುವವರು ಯಾರು? ಹಬ್ಬದ ರಾತ್ರಿ ನಾಯಿಯನ್ನು ಒಳಗಿಟ್ಟುಕೊಳ್ಳುವುದು ಇಲ್ಲಿ ಆ ನಾಯಿಯೊಂದರ ಪ್ರಶ್ನೆಯಷ್ಟೇ ಅಲ್ಲ.

ಓಡುವುದನ್ನು ತಡೆಯಲು ಎಲ್ಲರೂ ಮಾಡುವುದು ಕಟ್ಟಿಹಾಕುವುದು. ಇಲ್ಲಿಯೇ ಮುಧೋಳದ ನಾಯಿ ಸಾಕುವವರು ಒಂದು ವಿಷಯ ಗಮನಿಸಬೇಕು. ಸಾಮಾನ್ಯ ನಾಯಿಯ ತಲೆ ಕುತ್ತಿಗೆಗಿಂತ ಅಗಲ, ಪಟ್ಟಿ ಕಿವಿಯ ಹಿಂದೆ ಸಿಕ್ಕಿ ನಿಲ್ಲುತ್ತದೆ. ಈ ನಾಯಿಯ ತಲೆ ಕುತ್ತಿಗೆಯಷ್ಟೇ ಸಪೂರ. ಹೆದರಿದ ನಾಯಿ ಮುಂದಕ್ಕೆ ಜಗ್ಗುವುದಿಲ್ಲ. ಮುಂಗಾಲು ಊರಿ, ತಲೆ ಬಗ್ಗಿಸಿ, ಕಿವಿ ಒತ್ತಿಕೊಂಡು ಹಿಂದಕ್ಕೆ ಸರಿಯುತ್ತದೆ. ಕೊರಳಪಟ್ಟಿ ಒಂದು ಕಿವಿಯನ್ನು ದಾಟುತ್ತದೆ, ತಲೆ ಸ್ವಲ್ಪ ತಿರುಗುತ್ತದೆ, ಇನ್ನೊಂದು ಕಿವಿಯನ್ನೂ ದಾಟುತ್ತದೆ. ಎರಡು ಕ್ಷಣದ ಕೆಲಸ. ನಿಮ್ಮ ಕೈಯಲ್ಲಿ ಸರಪಳಿ ಉಳಿದಿರುತ್ತದೆ, ಬಕಲ್ ಹಾಕಿದ್ದು ಹಾಕಿದಂತೆಯೇ ಇರುತ್ತದೆ. ಹಾಗೆಂದು ಪಟ್ಟಿಯನ್ನು ಉಸಿರುಗಟ್ಟುವಂತೆ ಬಿಗಿಯುವುದು ಪರಿಹಾರವಲ್ಲ. ಗ್ರೇಹೌಂಡ್ ಸಾಕುವವರು ಬಳಸುವ ಮಾರ್ಟಿಂಗೇಲ್ ಪಟ್ಟಿ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಅಗಲವಾದ ಬಟ್ಟೆಯ ಪಟ್ಟಿಗೆ ಇನ್ನೊಂದು ಸಣ್ಣ ಕುಣಿಕೆ ಸೇರಿರುತ್ತದೆ. ಸುಮ್ಮನಿದ್ದಾಗ ಸಡಿಲ, ಹಿಂದಕ್ಕೆ ಎಳೆದಾಗ ತಲೆ ಜಾರದಷ್ಟು ಮಾತ್ರ ಬಿಗಿ. ಎದೆಗೆ ಹಾಕುವ ಹಾರ್ನೆಸ್ ಆದರೆ ಸೊಂಟದ ಹತ್ತಿರವೂ ಒಂದು ಪಟ್ಟಿ ಇರುವಂಥದ್ದು ಬೇಕು, ಏಕೆಂದರೆ ಸಾಮಾನ್ಯ ಹಾರ್ನೆಸ್ಸಿನಿಂದಲೂ ಈ ನಾಯಿ ನುಸುಳಿಕೊಳ್ಳುತ್ತದೆ. ಪಟ್ಟಿಯ ಮೇಲೆ ಮಾಲೀಕರ ಫೋನ್ ನಂಬರ್ ಇರಲಿ. ಅಳಿಸದ ಮಸಿಯಲ್ಲಿ ಬಟ್ಟೆಯ ಮೇಲೆಯೇ ಬರೆದರೂ ನಡೆಯುತ್ತದೆ.

ಇನ್ನು ಅಂಗಳದ ಬೇವಿನ ಮರಕ್ಕೋ ದನದ ಕೊಟ್ಟಿಗೆಯ ಗೂಟಕ್ಕೋ ಕಟ್ಟಿ ಮನೆಯವರೆಲ್ಲ ಪೂಜೆಗೆ ಹೋಗುವುದು. ಇದು ಬೇಡವೇ ಬೇಡ. ಓಡಲಾಗದ ನಾಯಿಯ ಭಯ ಓಡಬಲ್ಲ ನಾಯಿಯ ಭಯಕ್ಕಿಂತ ದೊಡ್ಡದು. ಸುತ್ತಿ ಸುತ್ತಿ ಹಗ್ಗ ಗಿಡ್ಡವಾಗಿ ಕೊರಳಿಗೆ ಉರುಲಾಗಬಹುದು, ಕಾಂಪೌಂಡ್ ಜಿಗಿದು ಆಚೆ ಬದಿಗೆ ನೇತುಬೀಳಬಹುದು. ತಗಡಿನ ಶೆಡ್ಡಿನಲ್ಲಿ ಕೂಡಿಹಾಕುವುದೂ ಅಷ್ಟೇ ಕೆಟ್ಟದ್ದು, ಪ್ರತಿ ಸಿಡಿತಕ್ಕೂ ತಗಡು ಗುಂಯ್‌ಗುಡುತ್ತದೆ.

ಒಳಕೋಣೆ, ಕೌದಿ, ಒಂದು ಕೂಲರ್

ಹಾಗಾದರೆ ನಾಯಿ ಎಲ್ಲಿರಬೇಕು? ನಮ್ಮ ಹಿರಿಯರು ಕಟ್ಟಿದ ಮಾಳಿಗೆ ಮನೆಗಳಲ್ಲಿ ಇದಕ್ಕೆ ಉತ್ತರವಿದೆ. ಮೊಳಕ್ಕಿಂತ ದಪ್ಪದ ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಹೊದಿಕೆ, ಪಡಸಾಲೆ ದಾಟಿ ನಡುಮನೆ, ಅದರಾಚೆ ಕಿಟಕಿಯಿಲ್ಲದ ಕತ್ತಲ ಕೋಣೆ. ಬಿಸಿಲಿಗಾಗಿ ಮಾಡಿಕೊಂಡ ವ್ಯವಸ್ಥೆ ಸದ್ದನ್ನೂ ಹೀರುತ್ತದೆ. ಕಾಳಿನ ಚೀಲಗಳನ್ನು ಒಟ್ಟಿದ ಆ ಕೋಣೆಯಲ್ಲಿ ನಿಂತರೆ ಓಣಿಯ ಪಟಾಕಿ ಬೇರೆ ಊರಿನದೆಂಬಂತೆ ಕೇಳಿಸುತ್ತದೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಬಂದ ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರಗಳ ಮನೆಗಳಲ್ಲಿ ಈ ಅನುಕೂಲವಿಲ್ಲ. ತೆಳು ಗೋಡೆ, ಆರ್‌ಸಿಸಿ ಸೂರು, ಕೋಣೆಗೊಂದು ಕಿಟಕಿ. ಅಲ್ಲಿ ಅಗಲವಾದ ಮಂಚ ಹುಡುಕಿ, ಮೂರೂ ಬದಿಗೆ ದಪ್ಪ ಕೌದಿ ಇಳಿಬಿಟ್ಟು, ಅಡಿಯಲ್ಲಿ ಇನ್ನೊಂದು ಕೌದಿ ಹಾಸಿದರೆ ಗುಹೆಯಂಥ ಜಾಗ ಸಿದ್ಧವಾಗುತ್ತದೆ. ಮನೆಯವರ ಮೈವಾಸನೆ ಇರುವ ಹಳೆಯ ಕೌದಿಯಾದರೆ ಇನ್ನೂ ಒಳ್ಳೆಯದು. ಒಂದು ಬದಿ ತೆರೆದಿರಲಿ, ನಾಯಿ ತಾನಾಗಿ ಹೋಗಿ ತಾನಾಗಿ ಬರುವಂತಿರಲಿ. ಹಬ್ಬದ ದಿನ ಥಟ್ಟನೆ ತೋರಿಸಿದರೆ ಅದು ಒಳಗೆ ಹೋಗುವುದಿಲ್ಲ. ಎರಡು ವಾರ ಮೊದಲೇ ದಿನಾ ಅಲ್ಲಿ ತಿನಿಸು ಇಟ್ಟು ರೂಢಿ ಮಾಡಿಸಬೇಕು.

ಕಿಟಕಿ ಮುಚ್ಚಿ, ಪರದೆ ಎಳೆದು, ಕೂಲರನ್ನು ಜೋರಾಗಿ ಹಚ್ಚಿಬಿಡಿ. ದೀಪಾವಳಿಯ ಚಳಿಯಲ್ಲಿ ಕೂಲರ್ ಏಕೆ ಎಂದು ಮನೆಯವರು ಕೇಳುತ್ತಾರೆ. ನೀರು ಹಾಕಬೇಕಿಲ್ಲ, ಅದರ ಫ್ಯಾನಿನ ಏಕಸಮನಾದ ಗುಂಯ್‌ಗಾನ ಸಾಕು. ಮಗ್ಗದ ಪಕ್ಕ ಬೆಳೆದ ನಾಯಿಗೆ ಮಗ್ಗದ ಸದ್ದನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಸ್ಪೀಕರಿನಲ್ಲಿ ಹಾಕಿದರೆ ಇನ್ನೂ ಹಿತ ಎಂಬುದು ನನ್ನ ನಂಬಿಕೆ. ಸಂಜೆ 5 ಗಂಟೆಯೊಳಗೆ ಚೆನ್ನಾಗಿ ಅಡ್ಡಾಡಿಸಿ, ಹೊರಕಡೆಯ ಕೆಲಸ ಮುಗಿಸಿ, ಹೊಟ್ಟೆ ತುಂಬ ಉಣ್ಣಿಸಿಬಿಡಬೇಕು. ಹಬ್ಬದ ಉಂಡಿಯಲ್ಲಿನ ಒಣದ್ರಾಕ್ಷಿ, ಮಕ್ಕಳ ಕೈಯ ಚಾಕೊಲೇಟ್ ನಾಯಿಗೆ ವಿಷ. ಪ್ರೀತಿಗೂ ಕೊಡಬಾರದು.

ಅಂಜಿದ ನಾಯಿಯನ್ನು ಮುದ್ದು ಮಾಡಿದರೆ ಅಂಜಿಕೆ ಬೆಳೆಯುತ್ತದೆ ಎಂಬ ಮಾತು ನಾಯಿ ಸಾಕುವವರ ನಡುವೆ ಬೇರೂರಿದೆ. ಅದು ಸರಿಯಲ್ಲ. ನಾಯಿಗೆ ಕೂಡು ಎಂದು ಕಲಿಸಬಹುದು, ಕೂತಾಗ ತಿನಿಸು ಕೊಟ್ಟರೆ ಕೂಡುವುದು ಹೆಚ್ಚಾಗುತ್ತದೆ. ಅಂಜಿಕೆ ಹಾಗೆ ಕಲಿತು ಮಾಡುವ ಕೆಲಸವಲ್ಲ, ಎದೆಯಲ್ಲಿ ತಾನಾಗಿ ಏಳುವಂಥದ್ದು. ಹತ್ತಿರ ಬಂದು ತೊಡೆಗೆ ತಲೆ ಒರಗಿಸಿದರೆ ಮೈ ಮೇಲೆ ಕೈಯಿಡಿ, ಮೆಲುದನಿಯಲ್ಲಿ "ಏನಾಗಾಂಗಿಲ್ಲೋ ತಮ್ಮಾ, ಇಲ್ಲೇ ಅದೇನಿ" ಎನ್ನಿ. ದೂರ ಇರಬೇಕೆಂದರೆ ಬಿಟ್ಟುಬಿಡಿ, ಮಂಚದಡಿಯಿಂದ ಎಳೆಯಬೇಡಿ. ಹೆದರಿದ ನಾಯಿ ಮನೆಯವರನ್ನೂ ಕಚ್ಚಬಹುದು. ಆಗ ಮಕ್ಕಳನ್ನು ಆ ಕೋಣೆಗೆ ಬಿಡದಿರುವುದು ಒಳ್ಳೆಯದು.

ತಿನಿಸಿನಿಂದ ಒಂದು ಪ್ರಯೋಜನ ಪಡೆಯಬಹುದು. ಪಟಾಕಿ ಸಿಡಿದ ಕೂಡಲೇ ಬೇಯಿಸಿದ ಕೋಳಿಯ ಒಂದು ಸಣ್ಣ ಚೂರು ಅಥವಾ ಮೊಟ್ಟೆಯ ತುಂಡು. ಮತ್ತೊಂದು ಸಿಡಿತ, ಮತ್ತೊಂದು ತುಂಡು. ಸದ್ದು ಮೊದಲು, ತಿನಿಸು ಆಮೇಲೆ. ತಿರುವುಮುರುವಾದರೆ ತಿನಿಸು ಕಂಡರೇ ಸದ್ದು ಬರುತ್ತದೆಂದು ನಾಯಿ ತಿನಿಸಿಗೂ ಬೆದರಲು ಶುರುಮಾಡುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೆಫನಿ ರೀಮರ್ 1,225 ನಾಯಿಗಳ ಮಾಲೀಕರಿಂದ ಮಾಹಿತಿ ಪಡೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಸದ್ದಿನ ಬೆನ್ನಿಗೇ ತಿನಿಸು ಅಥವಾ ಆಟ ಕೊಟ್ಟವರ ಪೈಕಿ ಸುಮಾರು ಶೇ 70 ಮಂದಿ ಗುಣ ಕಂಡಿತು ಎಂದಿದ್ದರು. ಪಶುವೈದ್ಯರು ಬರೆದುಕೊಟ್ಟ ಔಷಧದ ಫಲವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಗಿಡಮೂಲಿಕೆ, ಹೋಮಿಯೋಪಥಿ, ಸುಗಂಧತೈಲಗಳ ಫಲ ಮೂರರಲ್ಲಿ ಒಂದು ಪಾಲಿನ ಆಸುಪಾಸಿನಲ್ಲೇ ನಿಂತಿತು. ರೆಕಾರ್ಡ್ ಮಾಡಿದ ಪಟಾಕಿ ಸದ್ದನ್ನು ಕೇಳಿಯೂ ಕೇಳದಷ್ಟು ಮೆಲ್ಲಗೆ ಹಾಕಿ, ವಾರಗಟ್ಟಲೆ ಹಿಡಿದು ಏರಿಸುತ್ತ ಹೋಗುವ ಪದ್ಧತಿಯೂ ಉಂಟು. ಅದನ್ನು ಶುರುಮಾಡಬೇಕಾದದ್ದು ಆಷಾಢ, ಶ್ರಾವಣದಲ್ಲಿ. ಹಬ್ಬದ ವಾರದಲ್ಲಿ ಹಾಕಿದರೆ ಗಾಯಕ್ಕೆ ಉಪ್ಪು ಸವರಿದಂತೆ.

ಔಷಧದ ವಿಷಯದಲ್ಲಿ ಸ್ವಲ್ಪ ಕಟುವಾಗಿಯೇ ಹೇಳಬೇಕು. ಮನೆಯಲ್ಲಿ ಅಜ್ಜನಿಗೆಂದು ತಂದ ನಿದ್ದೆ ಗುಳಿಗೆಯ ಅರ್ಧ ಚೂರನ್ನು ರೊಟ್ಟಿಯಲ್ಲಿ ಸುತ್ತಿ ನಾಯಿಗೆ ಹಾಕುವವರಿದ್ದಾರೆ. ಗ್ರೇಹೌಂಡ್‌ನಂಥ ಓಟದ ತಳಿಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ, ಕೆಲವು ಔಷಧಗಳನ್ನು ಅವುಗಳ ಯಕೃತ್ತು ನಿಧಾನವಾಗಿ ಕರಗಿಸುತ್ತದೆ. ಬೇರೆ ನಾಯಿ ತಡೆದುಕೊಳ್ಳುವ ಪ್ರಮಾಣ ಇವಕ್ಕೆ ಅಪಾಯವಾಗಬಹುದು. ಅದೇ ಮೈಕಟ್ಟಿನ ಮುಧೋಳದ ನಾಯಿಯಲ್ಲೂ ಅಷ್ಟೇ ಎಚ್ಚರ ಬೇಕು. ಹಳೆಯ ಕಾಲದಿಂದ ಬಳಕೆಯಲ್ಲಿರುವ ಅಸೆಪ್ರೊಮಝಿನ್ ಎಂಬ ಔಷಧ ಒಂದನ್ನೇ ಕೊಟ್ಟರೆ ನಾಯಿ ಅಲುಗಾಡದೆ ಬಿದ್ದಿರುತ್ತದೆ, ಒಳಗಿನ ಭಯ ಮಾತ್ರ ಇದ್ದಲ್ಲೇ ಇರುತ್ತದೆ. ನೋಡುವವರಿಗೆ ಸಮಾಧಾನ, ನಾಯಿಗೆ ನರಕ. ಭಯವನ್ನೇ ತಗ್ಗಿಸುವ ಔಷಧಗಳು ಈಗ ಇವೆ. ಸದ್ದಿನ ಭಯಕ್ಕೆಂದೇ ವಸಡಿಗೆ ಸವರುವ ಡೆಕ್ಸ್‌ಮೆಡೆಟೊಮಿಡಿನ್ ಜೆಲ್‌ಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದೆ. ಗ್ಯಾಬಪೆಂಟಿನ್, ಟ್ರಾಜೊಡೋನ್‌ಗಳನ್ನೂ ವೈದ್ಯರು ಬಳಸುತ್ತಾರೆ. ಯಾವುದು, ಎಷ್ಟು ಎಂಬುದನ್ನು ನಾಯಿಯ ತೂಕ ನೋಡಿ ಪಶುವೈದ್ಯರೇ ಹೇಳಬೇಕು. ಹಬ್ಬಕ್ಕೆ ಹತ್ತು ಹದಿನೈದು ದಿನ ಇರುವಾಗಲೇ ಹೋದರೆ, ಸಾಮಾನ್ಯ ದಿನವೊಂದರಲ್ಲಿ ಕೊಟ್ಟು ನೋಡಲು ಸಮಯವಿರುತ್ತದೆ.

ಮರಿಯಲ್ಲೇ ಇದೆ ಮುಖ್ಯ ಕೆಲಸ

ಇಷ್ಟೆಲ್ಲ ಹೇಳಿದರೂ ಇವು ಭಯ ಹುಟ್ಟಿದ ಮೇಲಿನ ಮಾತುಗಳು. ಭಯ ಹುಟ್ಟುವುದನ್ನೇ ಕಡಿಮೆ ಮಾಡುವ ಅವಕಾಶ ಬೇರೆಲ್ಲರಿಗಿಂತ ಹೆಚ್ಚಾಗಿ ಈ ತಾಲ್ಲೂಕುಗಳ ಜನರ ಕೈಯಲ್ಲಿದೆ. ದೇಶದ ಎಲ್ಲೆಲ್ಲಿಗೋ ಹೋಗುವ ಮುಧೋಳದ ಮರಿಗಳು ಕಣ್ಣು ಬಿಡುವುದು ಇಲ್ಲಿನ ಹೊಲಮನೆಗಳಲ್ಲಿ, ಅಂಗಳಗಳಲ್ಲಿ.

ಹುಟ್ಟಿದ ಮರಿಗೆ ಸುಮಾರು ಎರಡು ವಾರ ಕಿವಿ ಕೇಳಿಸುವುದಿಲ್ಲ, ಕಿವಿಯ ದಾರಿಯೇ ಮುಚ್ಚಿರುತ್ತದೆ. ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದ ತನಕದ್ದು ಅದರ ಬಾಳಿನ ಬಹುಮುಖ್ಯ ಕಾಲ. ಈ ಜಗತ್ತಿನಲ್ಲಿ ಯಾವುದು ಸಹಜ, ಯಾವುದು ಅಪಾಯ ಎಂದು ಮರಿ ಆಗಲೇ ತೀರ್ಮಾನಿಸಿಕೊಳ್ಳುತ್ತದೆ. ಈ ದಿನಗಳಲ್ಲಿ ಹೊಲದ ಮೂಲೆಯ ಶೆಡ್ಡಿನಲ್ಲಿ, ತಾಯಿಯ ಮುಖ ಬಿಟ್ಟು ಬೇರೇನೂ ಕಾಣದೆ ಬೆಳೆದ ಮರಿಗೆ ಮುಂದೆ ಎಲ್ಲವೂ ಅಪಾಯವೇ. ಅದೇ ಮನೆಯ ಹತ್ತಿರ ಬೆಳೆದು, ಉಣ್ಣುವ ಹೊತ್ತಿಗೆ ದೂರದಲ್ಲಿ ತಾಟು ಬಿದ್ದ ಸದ್ದು, ಕುಕ್ಕರಿನ ಸೀಟಿ, ಮೋಟರ್ ಸೈಕಲ್, ಟ್ರ್ಯಾಕ್ಟರ್, ಮಕ್ಕಳ ಗದ್ದಲ ಕೇಳಿದ ಮರಿ ತಲೆಯೆತ್ತಿ ನೋಡಿ ಮತ್ತೆ ತಾಟಿಗೆ ಬಾಯಿ ಹಾಕುತ್ತದೆ. ಅದೇ ಕಲಿಕೆ. ಇದಕ್ಕೆ ಖರ್ಚಿಲ್ಲ. ಒಂದೇ ನಿಯಮವೆಂದರೆ ಮರಿ ಬೆಚ್ಚಿದರೆ ಸದ್ದು ಹೆಚ್ಚಾಯಿತೆಂದು ತಿಳಿದು ದೂರ ಸರಿಸಬೇಕು. ಧೈರ್ಯ ಬರಲೆಂದು ಮರಿಗಳ ನಡುವೆ ಪಟಾಕಿ ಎಸೆಯುವುದು ಧೈರ್ಯ ಕಲಿಸುವುದಿಲ್ಲ, ಜೀವಮಾನದ ಭಯ ಬಿತ್ತುತ್ತದೆ.

ಹಬ್ಬದ ಸುತ್ತಮುತ್ತ ಮರಿ ಹಾಕಿದ ತಾಯಿಯನ್ನು ವಿಶೇಷವಾಗಿ ಕಾಯಬೇಕು. ಬೆದರಿದ ತಾಯಿ ಗುಂಡಿ ತೋಡುತ್ತದೆ, ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಅತ್ತಿತ್ತ ಅಲೆಯುತ್ತದೆ, ಗಾಬರಿಯಲ್ಲಿ ಮೇಲೆ ಬಿದ್ದು ಅಮುಕಿಬಿಡುತ್ತದೆ. ಹಬ್ಬದ ವಾರದಲ್ಲಿ ಮರಿಯನ್ನು ಹೊಸ ಮನೆಗೆ ಕಳಿಸುವುದೂ ಬೇಡ. ತಾಯಿ ಬಿಟ್ಟ ದಿನವೇ ಊರಿಡೀ ಸಿಡಿದರೆ ಆ ಮರಿಯ ಗತಿ ಏನು? ಕೊಳ್ಳಲು ಬಂದವರು ಎಷ್ಟೇ ಅವಸರ ಮಾಡಲಿ, ಪಾಡ್ಯ ಕಳೆದ ಮೇಲೆ ಬನ್ನಿ ಎನ್ನುವ ಮಾಲೀಕರು ತಮ್ಮ ನಾಯಿಗಳ ಹೆಸರನ್ನೂ ಉಳಿಸಿಕೊಳ್ಳುತ್ತಾರೆ.

ಊರಿನ ಪಾಲು

ಮನೆಯ ಬಾಗಿಲು ಮುಚ್ಚಿದರೂ ಓಣಿಯ ಸದ್ದು ನಮ್ಮ ಕೈಯಲ್ಲಿಲ್ಲ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರಂದು ಕೊಟ್ಟ ತೀರ್ಪು ದೀಪಾವಳಿಯಲ್ಲಿ ಪಟಾಕಿಗೆ ರಾತ್ರಿ 8ರಿಂದ 10ರ ಅವಧಿ ನಿಗದಿ ಮಾಡಿತು, ಹಸಿರು ಪಟಾಕಿಗಳಿಗೆ ಮಾತ್ರ ಅನುಮತಿ ಕೊಟ್ಟಿತು. ಹಸಿರು ಪಟಾಕಿಯಲ್ಲಿ ಹೊಗೆ ಕಡಿಮೆ ನಿಜ, ಸದ್ದು ಇದ್ದೇ ಇರುತ್ತದೆ. ನಾಯಿಯ ಮಟ್ಟಿಗೆ ಸಮಯದ ಮಿತಿಯೇ ದೊಡ್ಡ ಉಪಕಾರ. 8ರಿಂದ 10 ಎಂದು ಖಚಿತವಾಗಿದ್ದರೆ ನಾಯಿಯನ್ನು ಒಳಗೆ ತರಲು, ವೈದ್ಯರು ಹೇಳಿದ ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡಲು ಆಗುತ್ತದೆ. ಮಧ್ಯಾಹ್ನ ಎರಡಕ್ಕೊಂದು, ನಡುರಾತ್ರಿಗೊಂದು ಸಿಡಿದರೆ ಯಾವ ತಯಾರಿಯೂ ನಡೆಯದು. ಜಾತ್ರೆಗಳಲ್ಲಿ ಮದ್ದು ಸುಡುವಾಗಲೂ ಅಷ್ಟೇ. ಮದ್ದು ಸುಡುವ ಗಂಟೆಯನ್ನು ಹಿಂದಿನ ದಿನವೇ ಗುಡಿಯ ಮೈಕಿನಲ್ಲಿ ಹೇಳಲು ಜಾತ್ರಾ ಸಮಿತಿಗೆ ಏನೂ ಖರ್ಚಿಲ್ಲ. ನಾಯಿಗಷ್ಟೇ ಅಲ್ಲ, ಗಬ್ಬದ ಎಮ್ಮೆ, ಹಸುಗೂಸು, ಎದೆನೋವಿನ ಹಿರಿಯರು ಇರುವ ಮನೆಗಳಿಗೂ ಅದರಿಂದ ಉಪಕಾರ. ಗಣಪತಿ ವಿಸರ್ಜನೆ, ಮದುವೆ ಮೆರವಣಿಗೆ, ಚುನಾವಣೆಯ ಫಲಿತಾಂಶ, ಕ್ರಿಕೆಟ್ ಗೆಲುವುಗಳೂ ಈಗ ಈ ಪಟ್ಟಿಗೆ ಸೇರಿವೆ.

ಬೀದಿ ನಾಯಿಗಳಿಗೆ ಮುಚ್ಚಿಕೊಳ್ಳಲು ಬಾಗಿಲೂ ಇಲ್ಲ. ಆ ಎರಡು ತಾಸು ಜಿನೆಯ ಕೆಳಗೆ, ಬಂಕದ ಮೂಲೆಯಲ್ಲಿ ಬಂದು ಕೂತರೆ ಓಡಿಸದಿರೋಣ. ಬಾಲಕ್ಕೆ ಪಟಾಕಿ ಸರ ಕಟ್ಟಿ ನಗುವ ಹುಡುಗರಿಗೆ, ಅದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ ಎಂಬುದನ್ನು ಮನೆಯವರೇ ಹೇಳಬೇಕು. ನಾಯಿಯನ್ನು ದೂರವಿಟ್ಟ ನೆಲವಲ್ಲ ಇದು. ಮೈಲಾರಲಿಂಗನ ಒಕ್ಕಲು ಮನೆಗಳಲ್ಲಿ ಗೊರವಪ್ಪಗಳು ದೇವರ ನಾಯಿಗಳಾಗಿ ಬೊಗಳಿ, ದೋಣಿ ಎಂಬ ಪಾತ್ರೆಯಿಂದ ಎಡೆ ಉಣ್ಣುತ್ತಾರೆ. ಮಂಡ್ಯ ಸೀಮೆಯ ಆತಕೂರಿನಲ್ಲಿ ಕ್ರಿ.ಶ. 949ರ ಹೊತ್ತಿಗೇ ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿದ್ದಾರೆ. ನೇಪಾಳದಲ್ಲಿ ದೀಪಾವಳಿಯ ದಿನಗಳಲ್ಲೇ ಕುಕುರ್ ತಿಹಾರ್ ಬರುತ್ತದೆ. ಅಂದು ನಾಯಿಯ ಹಣೆಗೆ ತಿಲಕ, ಕೊರಳಿಗೆ ಚೆಂಡುಹೂವಿನ ಹಾರ.

ಇಷ್ಟಾಗಿಯೂ ನಾಯಿ ತಪ್ಪಿಸಿಕೊಂಡರೆ ಹೆಸರು ಕೂಗುತ್ತ ಹತ್ತು ಜನ ಬೆನ್ನಟ್ಟಬೇಡಿ, ಬೆನ್ನಟ್ಟಿದಷ್ಟೂ ಅದು ಓಡುತ್ತದೆ. ಓಡಿದ ದಿಕ್ಕಿಗೆ ಒಬ್ಬರೋ ಇಬ್ಬರೋ ಹೋಗಿ, ಸದ್ದು ನಿಂತ ಮೇಲೆ ನೆಲಕ್ಕೆ ಕೂತು ಮೆಲ್ಲಗೆ ಕರೆಯಬೇಕು. ಮನೆಯ ಬಾಗಿಲು ರಾತ್ರಿಯಿಡೀ ತೆರೆದಿರಲಿ, ಹೊಸ್ತಿಲ ಬಳಿ ಅದರ ಕೌದಿ ಹಾಕಿ. ಬಹಳಷ್ಟು ನಾಯಿಗಳು ಬೆಳಗಿನ ಜಾವ, ಊರು ಸದ್ದಡಗಿದ ಮೇಲೆ ತಾವಾಗಿ ಬರುತ್ತವೆ. ಬೆಳಕು ಹರಿದರೂ ಬಾರದಿದ್ದರೆ ಹತ್ತಿರದ ಬಾವಿಗಳನ್ನು ಮೊದಲು ನೋಡಿ, ಆಮೇಲೆ ಕಬ್ಬಿನ ಹೊಲಗಳ ಬದು. ಕಬ್ಬು ಕಡಿಯುವ ಗ್ಯಾಂಗಿನವರಿಗೆ, ಟ್ರ್ಯಾಕ್ಟರ್ ಚಾಲಕರಿಗೆ ಫೋಟೊ ಕಳಿಸಿ, ಊರೂರು ಅಡ್ಡಾಡುವ ಅವರ ಕಣ್ಣಿಗೆ ಬೇಗ ಬೀಳುತ್ತದೆ. ಗಾಯವಾಗಿದ್ದರೆ ಪಶುಪಾಲನಾ ಇಲಾಖೆಯ 1962 ಸಹಾಯವಾಣಿ ಇದೆ.

ಮನೆಗೆ ಬಂದ ನಾಯಿಯನ್ನು ಮರುದಿನವೇ ಮಾಮೂಲಿನಂತೆ ಅಡ್ಡಾಡಿಸಬೇಡಿ. ಮೈಯೊಳಗೆ ಎದ್ದ ಗಾಬರಿ ಪೂರ್ತಿ ಇಳಿಯಲು ಕೆಲವು ದಿನಗಳೇ ಬೇಕಾಗಬಹುದು. ಅಷ್ಟು ದಿನ ಸಣ್ಣ ಸದ್ದಿಗೂ ಬೆಚ್ಚುತ್ತದೆ, ಆಗಲೂ ಕೊರಳಿನ ಹಗ್ಗ ಕೈಯಲ್ಲಿಯೇ ಇರಲಿ. ಓಣಿಯಲ್ಲಿ ಸಿಡಿಯದೆ ಉಳಿದ ಪಟಾಕಿ, ಸುಟ್ಟ ಸುರಸುರಬತ್ತಿಯ ತಂತಿಗಳನ್ನು ಗುಡಿಸಿದ ಮೇಲೆಯೇ ಹೊರಗೆ ಕರೆದೊಯ್ಯಿರಿ, ಅಂಗಾಲಿಗೆ ಚುಚ್ಚುತ್ತವೆ. ಪಾಡ್ಯ ಮುಗಿಯಿತೆಂದು ಮಂಚದ ಕೌದಿ ಎತ್ತಿಡುವುದೂ ಬೇಡ. ಹನ್ನೆರಡನೇ ದಿನಕ್ಕೆ ತುಳಸಿ ಲಗ್ನ. ಮಕ್ಕಳು ಉಳಿಸಿಟ್ಟುಕೊಂಡ ಪಟಾಕಿಗಳೆಲ್ಲ ಹೊರಬರುವುದು ಆ ಸಂಜೆಯೇ.